ಮನೆಗೆ ತಂದ ಇಂಗ್ಲಿಷು

ಊರವರೆಲ್ಲ ಘಾಟಿ ಸುಬ್ರಹ್ಮಣ್ಯದ ದನದ ಪರಿಷೆಗೆ ಹೋಗಿ ಎತ್ತು ಹಿಡಿದುಕೊಂಡು ಬಂದರೆ, ಪಿಳ್ಳಪ್ಪ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ ಇಂಗ್ಲಿಷು ಹಿಡಿದುಕೊಂಡು ಬಂದ. ಹಾಗೆಂದು ದೇವನಹಳ್ಳಿಯ ಸುತ್ತಿನಲ್ಲಿ ನಗುವವರು ನಕ್ಕರು. ನಗಲಿ. ಪಿಳ್ಳಪ್ಪನ ಲೆಕ್ಕ ಪಿಳ್ಳಪ್ಪನಿಗಿತ್ತು. ಯುದ್ಧ ಶುರುವಾದ ಮೇಲೆ ಊರಿಗೆ ಇಂಗ್ಲಿಷ್ ಕಾಗದಗಳು ಬರುವುದು ಹೆಚ್ಚಾಗಿತ್ತು. ಅದರಲ್ಲಿ ಏನಿದೆ ಎಂದರೆ ಶಾನುಭೋಗರು ಹೇಳಿದ್ದೇ ವೇದ, ಅವರು ಹೇಳದೆ ಬಿಟ್ಟದ್ದು ದೇವರಿಗೇ ಗೊತ್ತು.

"ಮನೇಗೊಂದು ದೀಪ ಇದ್ದಂಗೆ ಮನೇಗೊಂದು ಇಂಗ್ಲಿಷು ಇರ್ಬೇಕು ಕಣ್ರಲಾ" ಎಂದು ಹೇಳಿ, ಇದ್ದ ಒಬ್ಬಳೇ ಮಗಳು ಅನುಸೂಯಮ್ಮನನ್ನು ಲಕ್ಷ್ಮಯ್ಯನಿಗೆ ಕೊಟ್ಟು, ಅವನನ್ನು ಮನೆ ಅಳಿಯನಾಗಿ ಇಟ್ಟುಕೊಂಡ. ಎದೆಯೆತ್ತರದ ಗಂಡುಮಗ ಇರುವ ಮನೆಗೆ ಮನೆ ಅಳಿಯ ಯಾಕೆ ಎಂದು ಮೊದಲು ಕೇಳಿದವನು ಆ ಗಂಡುಮಗ ವೆಂಕಟರಾಯಪ್ಪನೇ. ಆವತ್ತಿನಿಂದ ಅವನ ಮುಖ ಸುಟ್ಟ ಬದನೆಕಾಯಿ ಆಯಿತು.

ಲಕ್ಷ್ಮಯ್ಯ ಹೊಸಕೋಟೆ ಕಡೆಯವನು, ತಂದೆತಾಯಿ ಇಲ್ಲದವನು. ಮಿಡ್ಲ್ ಸ್ಕೂಲು ಮುಗಿಸಿ, ದಂಡಿನಲ್ಲಿ ಒಬ್ಬ ಮುದಲಿಯಾರರ ಇಂಗ್ಲಿಷ್ ಪುಸ್ತಕದ ಅಂಗಡಿಯಲ್ಲಿ ಆರು ವರ್ಷ ಧೂಳು ಹೊಡೆದಿದ್ದ. ಪುಸ್ತಕ ಬಿಡಿಸಿದರೆ ಮುದಲಿಯಾರರು ಕೈಮೇಲೆ ಬಡಿಯುತ್ತಿದ್ದರು. ಮಾರುವ ಮಾಲು ಮಾಸಬಾರದು. ಆದರೆ ಹೊಸ ಪುಸ್ತಕಗಳ ಸಮಾಚಾರ ಹೇಳುವ ಪತ್ರಿಕೆಗಳು ಇಂಗ್ಲೆಂಡಿನ ಸೀಮೆಯಿಂದ ಬರುತ್ತಿದ್ದವು, ತಿಂಗಳಾದ ಮೇಲೆ ಅವು ರದ್ದಿ. ಯಾವ ಪುಸ್ತಕ ಹೇಗಿದೆ, ಬರೆದವನು ಯಾರು, ಎಲ್ಲಿ ಹುಟ್ಟಿದ, ಎಷ್ಟು ಕಷ್ಟಪಟ್ಟ, ಎಲ್ಲ ಅದರಲ್ಲಿ ಇರುತ್ತಿತ್ತು. ಲಕ್ಷ್ಮಯ್ಯ ಇಂಗ್ಲಿಷ್ ಕಲಿತದ್ದು ಆ ರದ್ದಿಯಿಂದ. ಹೋಟೆಲಿನ ಮುಂದೆ ನಿಂತು ವಾಸನೆಯಲ್ಲೇ ಹೊಟ್ಟೆ ತುಂಬಿಸಿಕೊಂಡವನ ಹಾಗೆ, ಒಂದು ಪುಸ್ತಕವನ್ನೂ ಪೂರ್ತಿ ಓದದೆ ಸಾವಿರ ಪುಸ್ತಕಗಳ ವಿಷಯ ತಿಳಿದುಕೊಂಡಿದ್ದ. ಮನೆ ಅಳಿಯನಾಗಿ ಬರುವಾಗ ಅವನ ಜೊತೆ ಬಂದದ್ದು ಎರಡು ಪಂಚೆ, ಒಂದು ಕೋಟು, ಒಂದು ಗೋಣಿಚೀಲದ ತುಂಬ ಪತ್ರಿಕೆ.

ಅನುಸೂಯಮ್ಮನಿಗೆ ಆ ಗೋಣಿಚೀಲದ ಮೇಲೆ ಗಂಡನಿಗಿಂತ ಒಂದು ತೂಕ ಹೆಚ್ಚೇ ಪ್ರೀತಿ. ಅವಳು ಕನ್ನಡದ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಅವರೆಕಾಯಿಯ ಕಾಲ. ಮಧ್ಯಾಹ್ನ ಜಗಲಿಯ ಮೇಲೆ ಕೂತು ನೆನೆಸಿದ ಕಾಳು ಹಿದುಕುತ್ತಾ ಗಂಡ ಓದಿದ್ದನ್ನು ಕೇಳುವಳು. ಬೆರಳು ಕಾಳಿನ ಮೇಲೆ, ಕಣ್ಣು ಕಾಗದದ ಮೇಲೆ. ಎರಡು ವರ್ಷದಲ್ಲಿ ಅಕ್ಷರ ಬಂತು, ಪದ ಬಂತು, ಆಮೇಲೆ ಸಾಲಿಗೆ ಸಾಲೇ ಬರತೊಡಗಿತು.

"ಇವನ ಮೊದಲನೇ ಪುಸ್ತಕ ಒಬ್ರೂ ಕೊಳ್ಳಲಿಲ್ಲ. ಇವನೇ ಹನ್ನೊಂದು ಪ್ರತಿ ಕೊಂಡು ನೆಂಟರಿಗೆ ಹಂಚಿದ" ಎಂದು ಲಕ್ಷ್ಮಯ್ಯ ಹೇಳಿದರೆ ಅವಳಿಗೆ ಆ ಕಾಣದ ದೊರೆಯ ಮೇಲೆ ಅಯ್ಯೋ ಎನ್ನಿಸುವುದು.

"ಆ ಪುಸ್ತಕ ನೀವು ಓದಿದ್ದೀರಾ?"

"ಓದೋಕೆ ಎಲ್ಲಿ ಸಿಗ್ತದೆ? ಓದಿದೋರು ಏನಂದ್ರು ಅಂತ ಗೊತ್ತು. ಅಷ್ಟು ಸಾಲದಾ?"

ಸಾಲದು ಎಂದು ಅವಳಿಗೆ ಅನ್ನಿಸಲಿಲ್ಲ. ಆ ಪತ್ರಿಕೆಗಳ ಒಂದು ಕಟ್ಟಳೆಯನ್ನು ಲಕ್ಷ್ಮಯ್ಯ ಅವಳಿಗೆ ಬಾಯಿಪಾಠ ಮಾಡಿಸಿದ್ದ. ಒಂದು ಪುಸ್ತಕ ಎಷ್ಟೇ ಚೆನ್ನಾಗಿರಲಿ, ಮೂರು ಪಾಲು ಹೊಗಳಿದ ಮೇಲೆ ಒಂದು ಪಾಲು ತೆಗಳಬೇಕು. 'ಹೌಎವರ್' ಅಂತ ಒಂದು ಸಾಲು ಶುರುವಾಗಬೇಕು. 'ಆದರೂ' ಅಂತ ಅದರ ಅರ್ಥ. ಬರಿ ಹೊಗಳಿದರೆ ಅದು ಭಟ್ಟಂಗಿತನ, ತೆಗಳಿಕೆಯೂ ಇದ್ದರೆ ಅದು ಇಂಗ್ಲಿಷು.

ಈ ಕಟ್ಟಳೆ ಪತ್ರಿಕೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಊಟಕ್ಕೂ ಇಳಿಯಿತು. ಒಂದು ದಿನ ಅತ್ತಿಗೆ ಪಾಪಮ್ಮ, ಎಂದರೆ ವೆಂಕಟರಾಯಪ್ಪನ ಹೆಂಡತಿ, ಹಿದುಕಿದ ಬೇಳೆ ಸಾರು ಮಾಡಿದ್ದಳು. ಲಕ್ಷ್ಮಯ್ಯ ಮುದ್ದೆ ಮುರಿದು, ನುಂಗಿ, ಕಣ್ಣು ಮುಚ್ಚಿ ಹೇಳಿದ: "ಸಾರು ಬಲೇ ಚೆನ್ನಾಗೈತೆ ಅಕ್ಕಾ. ಮಸಾಲೆ ಹದವಾಗೈತೆ, ಬೇಳೆ ಬೆಣ್ಣೆಯಂಗೆ ಬೆಂದೈತೆ. ಆದರೂ, ಉಪ್ಪು ಒಂದು ಕಲ್ಲು ಮುಂದಾಯ್ತು."

ಪಾಪಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಕೂತ್ಕೊಂಡು ತಿನ್ನೋದು, ಅದ್ರಲ್ಲಿ ಆದರೂ ಬೇರೆ! ಬೆಳಿಗ್ಗೆ ಎದ್ದು ಒಂದು ಕೊಡ ನೀರು ಸೇದಿದ್ರೆ ಉಪ್ಪು ಎಷ್ಟು ಬೇಕು ಅಂತ ಮೈಗೇ ಗೊತ್ತಾಗ್ತಿತ್ತು."

"ಬಿಡೇ ಪಾಪಿ" ಎಂದ ವೆಂಕಟರಾಯಪ್ಪ, ತಲೆಯೆತ್ತದೆ. "ಇಂಗ್ಲಿಷಿಗೆ ಮೇವು ಹಾಕೋದು ನಮ್ಮ ಹಣೇಲಿ ಬರ್ದೈತೆ. ಎತ್ತಾದ್ರೆ ಗೊಬ್ಬರನಾದ್ರೂ ಹಾಕೋದು."

ಪಿಳ್ಳಪ್ಪ ಗದರಿದ. ಅವನ ಹೆಂಡತಿ ಅಮ್ಮಯಮ್ಮ ಅಳಿಯನ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟು ಮಾತು ಮುಚ್ಚಿದಳು. ಅನುಸೂಯಮ್ಮ ಮಾತ್ರ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಈ ಮನೆಯವರ ಮುಂದೆ ತನ್ನ ಗಂಡನ ಇಂಗ್ಲಿಷು ಒಂದೇ ಒಂದು ಸಲ ಗೆಲ್ಲಬೇಕು, ಅಣ್ಣ ಬಾಯಿ ಮುಚ್ಚಬೇಕು. ದೇವರಲ್ಲಿ ಅವಳು ಕೇಳುತ್ತಿದ್ದದ್ದು ಇಷ್ಟೇ.

ಕೇಳಿದ್ದನ್ನು ದೇವರು ಕೊಡುತ್ತಾನೆ. ಹೇಗೆ ಕೊಡುತ್ತಾನೆ ಎನ್ನುವುದೇ ತರಲೆ.

ಶಿವರಾತ್ರಿ ಕಳೆದ ವಾರ ತಾಲ್ಲೂಕು ಕಚೇರಿಯ ಜವಾನ ಒಂದು ಉದ್ದನೆಯ ಕಾಗದ ತಂದುಕೊಟ್ಟ. ಲಕ್ಷ್ಮಯ್ಯ ಓದಿ ಅರ್ಥ ಹೇಳಿದ, ಸರಿಯಾಗಿಯೇ ಹೇಳಿದ. ಮಿಲಿಟರಿಯವರು ಸಾಮಾನಿನ ಡಿಪೋ ಕಟ್ಟುತ್ತಾರೆ, ರಸ್ತೆ ಪಕ್ಕ ಎರಡು ಎಕರೆ ಬೇಕು. ರಸ್ತೆಯ ಈ ಕಡೆ ಪಿಳ್ಳಪ್ಪನ ತೋಟ, ಆ ಕಡೆ ಸೊಣ್ಣಪ್ಪನ ಹೊಲ. ಎರಡರಲ್ಲಿ ಒಂದು ಹೋಗುತ್ತದೆ. ಯಾರಿಗಾದರೂ ತಕರಾರು ಇದ್ದರೆ ಹದಿನೈದು ದಿನದಲ್ಲಿ ಅರ್ಜಿ ಕೊಡಬೇಕು.

ಆ ತೋಟದಲ್ಲಿ ಇಪ್ಪತ್ತೆರಡು ಚಕ್ಕೋತದ ಮರ. ಗಿಡ ಎಳೆಯದಿದ್ದಾಗ ತೋಟಕ್ಕೆ ಬಾವಿ ಇರಲಿಲ್ಲ. ಮೂರು ಬೇಸಿಗೆ ಅಮ್ಮಯಮ್ಮ ಕೊಡ ಹೊತ್ತು ನೀರು ಹಾಕಿದ್ದಳು, ಬಸುರಿಯಾಗಿದ್ದಾಗಲೂ ಹಾಕಿದ್ದಳು. ಆಮೇಲೆ ಬಾವಿ ತೋಡಿಸಿ ಕಪಿಲೆ ಹಾಕಿದರು. ಎತ್ತು ಹಿಂದಕ್ಕೆ ಮುಂದಕ್ಕೆ ನಡೆಸಿ ಚರ್ಮದ ಚೀಲದಲ್ಲಿ ನೀರೆತ್ತುವುದರಲ್ಲೇ ವೆಂಕಟರಾಯಪ್ಪನ ಪ್ರಾಯ ಸವೆದಿತ್ತು. ಮನೆಯ ಉಪ್ಪಿನಿಂದ ಬಟ್ಟೆಯವರೆಗೆ ಎಲ್ಲವೂ ಆ ತೋಟದಿಂದಲೇ. ಉಳಿದದ್ದು ಎರಡು ಎಕರೆ ರಾಗಿ ಹೊಲ, ಅದೂ ಮಳೆ ಬಂದರೆ. ಸೊಣ್ಣಪ್ಪನ ಹೊಲವೋ, ಬರಿ ಕಲ್ಲು. ಅಲ್ಲಿ ಹುರುಳಿ ಚೆಲ್ಲಿದರೆ ಹುರುಳಿಗೇ ಬೇಜಾರು.

"ಕಚೇರಿ ಮುಂದೆ ಮರದ ಕೆಳಗೆ ಅರ್ಜಿ ಬರೆಯೋರು ಕೂತವ್ರೆ" ಎಂದ ವೆಂಕಟರಾಯಪ್ಪ. "ನಾಲ್ಕಾಣೆ ಕೊಟ್ರೆ ಕನ್ನಡದಾಗೆ ಜಬರದಸ್ತಾಗಿ ಬರ್ಕೊಡ್ತಾರೆ. ನಾಳೇನೇ ಹೋಗ್ತೀನಿ."

"ಯಾಕೆ? ಮನೇಲಿ ಮಜ್ಜಿಗೆ ಇಟ್ಕೊಂಡು ಬೀದೀಲಿ ತಿರಿಯೋಕಾ?" ಎಂದ ಪಿಳ್ಳಪ್ಪ. "ತೀರ್ಮಾನ ಮಾಡೋನು ಬಿಳೀ ಸಾಹೇಬ. ಅವನ ಭಾಷೇಲೇ ಅವನಿಗೆ ಹೇಳ್ಬೇಕು. ಇಷ್ಟು ದಿನ ಸಾಕಿದ್ದು ಇದಕ್ಕೇ. ಅಳಿಮಯ್ಯ, ನೀವು ಬರೀರಿ."

"ಅಪ್ಪಾ, ಸೊಣ್ಣಪ್ಪನೂ ಮರದ ಕೆಳಗಿನೋರ ಹತ್ರಾನೇ ಬರೆಸ್ತಾವ್ನೆ."

"ಬರೆಸಲಿ. ಸಾಹೇಬನ ಕೈಗೆ ಹೋದ್ರೆ ಅದು ಒಲೆಗೆ."

ಎಂಟು ದಿನ ಲಕ್ಷ್ಮಯ್ಯ ಬರೆದ. ಆ ಎಂಟು ದಿನ ಅವನಿಗೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಮುದ್ದೆಯ ಮೇಲೆ ತುಪ್ಪ. ಪಾಪಮ್ಮ ತುಪ್ಪ ಬಡಿಸುವಾಗ ಮುಖ ಗೋಡೆ ಕಡೆ ತಿರುಗಿಸುತ್ತಿದ್ದಳು. ಒಂಬತ್ತನೆಯ ದಿನ ಊಟವಾದ ಮೇಲೆ ಲಕ್ಷ್ಮಯ್ಯ ಕೋಟು ಹಾಕಿಕೊಂಡು ನಡುಮನೆಯಲ್ಲಿ ನಿಂತು ಓದಿದ. ಪಿಳ್ಳಪ್ಪ ಪುರಾಣ ಕೇಳುವವನ ಹಾಗೆ ಕೈ ಜೋಡಿಸಿ ಕೂತಿದ್ದ. ಅಮ್ಮಯಮ್ಮನ ಕಣ್ಣಲ್ಲಿ ನೀರೇ ಬಂತು.

"ರಾಗ ಚೆನ್ನಾಗೈತೆ, ಅರ್ಥ ಹೇಳು" ಎಂದ ವೆಂಕಟರಾಯಪ್ಪ.

ಲಕ್ಷ್ಮಯ್ಯ ಬಾಯಿ ತೆರೆಯುವ ಮೊದಲೇ ಪಿಳ್ಳಪ್ಪ ಮಗಳ ಕಡೆ ನೋಡಿದ. "ಅನುಸೂಯಾ, ಎರಡು ವರ್ಷದಿಂದ ನೀನೂ ಜಗಲೀಲಿ ಕೂತು ಕಲಿತಿದ್ದೀಯಲ್ಲ. ನೀನೇ ಹೇಳು ನೋಡಾನ. ನಿಮ್ಮಣ್ಣ ಕೇಳಲಿ."

ಅನುಸೂಯಮ್ಮನಿಗೆ ಬೇಕಾಗಿದ್ದದ್ದೂ ಇದೇ. ಸೆರಗಿಗೆ ಕೈ ಒರೆಸಿಕೊಂಡು ಕಾಗದ ಹಿಡಿದಳು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಈ ತೋಟ ಇಪ್ಪತ್ತು ವರ್ಷದ ದುಡಿಮೆಯ ಫಲ. ಇಲ್ಲಿಯ ಹಣ್ಣಿನ ರುಚಿಯನ್ನು ಬಲ್ಲವರು ಮೆಚ್ಚಿದ್ದಾರೆ. ಬೆಳೆಸಿದವನು ಬಡತನದಲ್ಲಿ ಹುಟ್ಟಿ, ಯಾರ ನೆರವೂ ಇಲ್ಲದೆ ಮೇಲೆ ಬಂದವನು.

"ನನ್ನ ವಿಷಯಾನಾ?" ಎಂದು ಪಿಳ್ಳಪ್ಪ ಮೀಸೆ ಸವರಿದ.

ಆಮೇಲೆ ನಾಲ್ಕನೆಯ ಪ್ಯಾರಾ ಬಂತು. 'ಹೌಎವರ್' ಎಂದೇ ಶುರುವಾಗಿತ್ತು. ಆದರೂ, ಈ ತೋಟ ದೋಷವಿಲ್ಲದ್ದೇನಲ್ಲ. ಮೂಡಣ ಅಂಚಿನಲ್ಲಿ ಬಂಡೆ ಎದ್ದಿದೆ. ಚೈತ್ರ ವೈಶಾಖದಲ್ಲಿ ಬಾವಿಯ ನೀರು ತಳ ಕಾಣುತ್ತದೆ. ಅನುಸೂಯಮ್ಮನಿಗೆ ಪೂರ್ತಿ ಅರ್ಥವಾಯಿತು. ಅಣ್ಣ ಇದನ್ನು ಕೇಳಿದರೆ ಏನಾಗುತ್ತದೆ ಎನ್ನುವುದೂ ಅರ್ಥವಾಯಿತು. ಕಾಗದ ಕಿತ್ತುಕೊಳ್ಳುತ್ತಾನೆ, ಮರದ ಕೆಳಗಿನವರ ಹತ್ತಿರ ಹೋಗುತ್ತಾನೆ, ಸಾಯುವವರೆಗೂ ಆಡಿಕೊಳ್ಳುತ್ತಾನೆ. ಅವಳ ಕಣ್ಣು ಆ ಪ್ಯಾರಾ ದಾಟಿ ಐದನೆಯದಕ್ಕೆ ಹೋಯಿತು.

"ಇಂಥಾ ತೋಟ ಉಳಿಸಿಕೊಡಬೇಕು ಅಂತ ಕೈಮುಗಿದು ಬೇಡ್ತೀವಿ, ಅಂತ ಐತೆ" ಎಂದು ಮುಗಿಸಿದಳು.

"ಅಷ್ಟೇನಾ? ಕಾಗದ ನೋಡಿದ್ರೆ ಇನ್ನೂ ಉದ್ದಕೈತೆ" ಎಂದ ವೆಂಕಟರಾಯಪ್ಪ.

"ಇಂಗ್ಲಿಷು ಉದ್ದ ಬರ್ತದೆ ಕಣಣ್ಣ. ಕನ್ನಡದಲ್ಲಿ ಚಿಕ್ಕದಾಗ್ತದೆ."

ಅಣ್ಣ ಬಾಯಿ ಮುಚ್ಚಿದ. ಎರಡು ವರ್ಷದಲ್ಲಿ ಮೊದಲ ಸಲ.

ಹಿತ್ತಲಲ್ಲಿ ಲಕ್ಷ್ಮಯ್ಯ ಅವಳನ್ನು ಕೇಳಿದ. "ಒಂದು ಪ್ಯಾರಾ ಬಿಟ್ಬಿಟ್ಟೆ."

"ಹೂಂ."

"ಯಾಕೆ?"

"ಅಣ್ಣನಿಗೆ ಅದೆಲ್ಲ ತಿಳಿಯಲ್ಲ. ಬಂಡೆ ಐತೆ ಅಂತ ನಾವೇ ಹೇಳೋದಾ ಅಂತ ಕುಣೀತಾನೆ."

ಲಕ್ಷ್ಮಯ್ಯ ಆ ಪ್ಯಾರಾದ ಮೇಲೆ ಬೆರಳಿಟ್ಟ. "ನಿಜಾನೇ ಬರ್ದಿದ್ದೀನಿ. ಒಂದು ತಪ್ಪೂ ಹೇಳ್ದಿದ್ರೆ ಓದೋನು ನಂಬಲ್ಲ... ಆದ್ರೆ ಈಗ ನೀನು ಬಿಟ್ಟಿದ್ದು ನೋಡಿ ನಂಗೂ ಒಂಥರಾ ಆಗ್ತೈತೆ. ಹೊಡೆದುಹಾಕ್ಲಾ? ನೀನು ಹೇಳಿದಂಗೆ."

ಅವನು ನಿಜವಾಗಿಯೂ ಕೇಳಿದ. ಅವನ ಬರಹವನ್ನು ಓದಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ. ಅನುಸೂಯಮ್ಮ ಕಾಗದ ತೆಗೆದುಕೊಂಡು ಆ ಪ್ಯಾರಾವನ್ನು ಇನ್ನೊಮ್ಮೆ ಓದಿದಳು. ಇಡೀ ಅರ್ಜಿಯಲ್ಲಿ ಅದೇ ಚೆಂದಾಗಿತ್ತು. ಪತ್ರಿಕೆಯಲ್ಲಿ ಇರುವ ಹಾಗೇ ಇತ್ತು. ಅಂಥದ್ದನ್ನು ತನ್ನ ಗಂಡ ಬರೆದಿದ್ದಾನೆ, ತನಗೆ ಅದು ತಿಳಿಯುತ್ತದೆ.

"ಬೇಡ, ಇರ್ಲಿ. ಅದಿಲ್ದಿದ್ರೆ ಸಪ್ಪೆ" ಎಂದಳು.

ಅರ್ಜಿ ಹೋಯಿತು. ಇತ್ತ ಸೊಣ್ಣಪ್ಪ ಕೆರೆಯಿಂದ ಗಾಡಿಗಟ್ಟಲೆ ಗೋಡುಮಣ್ಣು ತಂದು ತನ್ನ ಕಲ್ಲಿನ ಮೇಲೆ ಹರಡುತ್ತಿದ್ದ. ಅದನ್ನು ನೋಡಿ ವೆಂಕಟರಾಯಪ್ಪ ಎರಡು ಸಲ ಅಪ್ಪನಿಗೆ ಹೇಳಿದ. ಪಿಳ್ಳಪ್ಪ ನಕ್ಕುಬಿಟ್ಟ. "ಕತ್ತೆಗೆ ಅರಿಶಿನ ಬಳಿದ್ರೆ ಕುದುರೆ ಆಗ್ತದಾ?" ಎಂದ.

ಯುಗಾದಿಯಾದ ಹತ್ತು ದಿನಕ್ಕೆ ಸಾಹೇಬ ಬಂದ. ಮೋಟಾರು ರಸ್ತೆಯಲ್ಲಿ ನಿಂತಿತು. ಸಾಹೇಬ, ಅಮಲ್ದಾರರು, ಒಬ್ಬ ಗುಮಾಸ್ತ ಇಳಿದರು. ಬಿಸಿಲಿಗೆಂದು ಅನುಸೂಯಮ್ಮ ಚಕ್ಕೋತ ಸುಲಿದು ತಟ್ಟೆಯಲ್ಲಿ ತಂದಿದ್ದಳು. ಸಾಹೇಬನ ಕೈಯಲ್ಲಿ ಗಂಡನ ಅರ್ಜಿ ಇತ್ತು. ಅವನು ಮರಗಳ ಕಡೆ ಹೆಚ್ಚು ನೋಡಲಿಲ್ಲ. ನೇರವಾಗಿ ಮೂಡಣ ಅಂಚಿಗೆ ನಡೆದು ಬೆತ್ತದಿಂದ ಬಂಡೆಯನ್ನು ಟಕ್ ಟಕ್ ಎಂದು ಬಡಿದ. ಬಾವಿಯೊಳಗೆ ಬಗ್ಗಿ ನೋಡಿದ, ಮೊಣಕಾಲುದ್ದ ನೀರಿತ್ತು. ಆಮೇಲೆ ಲಕ್ಷ್ಮಯ್ಯನ ಕಡೆ ತಿರುಗಿ ಏನೋ ಹೇಳಿ ಕೈ ಕುಲುಕಿದ. ಬಿಳೀ ಸಾಹೇಬ, ಊರವರ ಎದುರಿಗೆ, ಮನೆ ಅಳಿಯನ ಕೈ ಕುಲುಕಿದ!

"ಏನಂದ? ಏನಂದ?" ಎಂದು ಪಿಳ್ಳಪ್ಪ ಪಂಚೆ ಎತ್ತಿಕೊಂಡು ಓಡಿ ಬಂದ.

"ಇಷ್ಟು ಪ್ರಾಮಾಣಿಕವಾದ ಅರ್ಜಿ ಈ ದೇಶದಲ್ಲಿ ನಾನು ನೋಡೇ ಇಲ್ಲ ಅಂದ್ರು ಮಾವ" ಎಂದ ಲಕ್ಷ್ಮಯ್ಯ.

ಆವತ್ತು ಮನೆಯಲ್ಲಿ ಒಬ್ಬಟ್ಟು. ಪಾಪಮ್ಮನೇ ಹೂರಣ ರುಬ್ಬಿದಳು. ವೆಂಕಟರಾಯಪ್ಪ ಮೊದಲ ಸಲ "ತಗೊಳ್ಳಪ್ಪಾ ಲಕ್ಷ್ಮಯ್ಯ, ಇನ್ನೊಂದು ಹಾಕಿಸ್ಕೊ" ಎಂದ. ಅನುಸೂಯಮ್ಮ ನಾಲ್ಕು ಒಬ್ಬಟ್ಟು ತಿಂದಳು. ಅಷ್ಟು ಸುಖವಾಗಿ ಅವಳು ಆಮೇಲೆ ಎಂದೂ ಉಣ್ಣಲಿಲ್ಲ.

ಮೂರು ವಾರ ಕಳೆಯಿತು. ಹುಕುಂ ಬಂದಿದೆಯೆಂದು ಕಚೇರಿಯಿಂದ ಕರೆ ಬಂತು. ಗಂಡಸರು ಮೂವರೂ ಬೆಳಿಗ್ಗೆಯೇ ಹೋದರು. ಮಧ್ಯಾಹ್ನ ಹೊತ್ತು ತಿರುಗಿದ ಮೇಲೆ ಬಂದರು. ಪಿಳ್ಳಪ್ಪ ಕಾಲು ತೊಳೆಯದೆ ನಡುಮನೆಗೆ ಬಂದು ಕಂಬಕ್ಕೆ ಒರಗಿದ. ಲಕ್ಷ್ಮಯ್ಯ ಹೊಸ್ತಿಲಾಚೆಯೇ ನಿಂತ. ಅನುಸೂಯಮ್ಮ ಮುದ್ದೆ ಬಡಿಸಿದಳು, ಯಾರೂ ಮುಟ್ಟಲಿಲ್ಲ.

"ಏನಾಯ್ತು?" ಎಂದಳು ಅಮ್ಮಯಮ್ಮ.

"ತೋಟ ಹೋಯ್ತು" ಎಂದ ವೆಂಕಟರಾಯಪ್ಪ. "ಗುಮಾಸ್ತ ಗೋಪಾಲಪ್ಪ ಅರ್ಜೀನ ಒಂದೊಂದಕ್ಷರ ಓದಿ ಕನ್ನಡದಾಗೆ ಹೇಳಿದ. ಯುದ್ಧದ ಕಾಲ, ಫಸಲು ಕೊಡೋ ಒಳ್ಳೇ ಜಮೀನು ಮುಟ್ಟಂಗಿಲ್ಲ, ಬಡವು ಜಮೀನೇ ತಗೋಬೇಕು ಅಂತ ಸರ್ಕಾರದ ಹುಕುಂ. ಸೊಣ್ಣಪ್ಪ ಬರೆಸವ್ನೆ, ನಂದು ಚಿನ್ನದಂಥಾ ಭೂಮಿ, ವರ್ಷಕ್ಕೆ ಮೂರು ಬೆಳೆ ಅಂತ, ಸಾಹೇಬನ ಕಣ್ಣಿಗೆ ಬಿದ್ದಿದ್ದೂ ಮೇಲಿನ ಗೋಡೇ. ನಮ್ಮ ಅಳಿಮಯ್ಯ ಬರ್ದವ್ನೆ, ಬಂಡೆ ಐತೆ, ನೀರಿಲ್ಲ, ಈ ತೋಟ ದೋಷದ್ದು ಅಂತ. ಜಮೀನಿನೋರೇ ಒಪ್ಕೊಂಡವ್ರಲ್ಲ ಅಂತ ಸಾಹೇಬ ಬರ್ದು ರುಜು ಹಾಕ್ಬಿಟ್ಟ."

ಅಮ್ಮಯಮ್ಮ ಅಳಲಿಲ್ಲ. ಎರಡು ಕೈಯನ್ನೂ ಕೊಡ ಹೊತ್ತ ಸೊಂಟದ ಮೇಲೆ ಇಟ್ಟುಕೊಂಡು ಹಾಗೇ ಕೆಳಗೆ ಕೂತಳು.

"ತಿಂದ ಮನೇಗೆ ಎರಡು ಬಗೆದ್ಯಲ್ಲೋ!" ಎಂದು ಪಾಪಮ್ಮ ಒಳಗಿನಿಂದ ಕೂಗಿದಳು. "ಹಾಲು ತುಪ್ಪ ಹಾಕಿ ಸಾಕಿದ್ವಲ್ಲೋ!"

"ಸುಳ್ಳು ಬರೀಲಿಲ್ಲ ನಾನು" ಎಂದ ಲಕ್ಷ್ಮಯ್ಯ. ಅವನ ದನಿ ಅವನಿಗೇ ಕೇಳಿಸಿರಲಿಕ್ಕಿಲ್ಲ. "ಹಂಗೇ ಬರೀಬೇಕು ಅಂತ..."

"ಯಾವನು ಹೇಳ್ದ ನಿಂಗೆ? ಆ ಗೋಣಿಚೀಲದೋರಾ? ಅವರು ಬರಿಯೋದು ಪುಸ್ತಕದ ವಿಷಯ ಕಣೋ! ಪುಸ್ತಕ ಹೋದ್ರೆ ಎರಡು ಕಾಗದ ಹೋಗ್ತೈತೆ. ನನ್ನ ಎತ್ತು ನಡೆದ ಜಾಗ ಹೋಯ್ತಲ್ಲೋ!"

ವೆಂಕಟರಾಯಪ್ಪ ಮೇಲೆದ್ದಿದ್ದ. ಪಿಳ್ಳಪ್ಪ ಕೈ ಅಡ್ಡ ಹಿಡಿದ. ಆಮೇಲೆ ನಿಧಾನವಾಗಿ ಮಗಳ ಕಡೆ ತಿರುಗಿದ.

"ಅನುಸೂಯಾ. ಆವತ್ತು ಅರ್ಥ ಹೇಳಿದೋಳು ನೀನು. ಬಂಡೆ ವಿಷಯ ನೀನು ಹೇಳಲಿಲ್ಲ. ಅದು ನಿಂಗೆ ಕಾಣಿಸ್ಲಿಲ್ವಾ?"

ಎಲ್ಲರೂ ಅವಳನ್ನು ನೋಡಿದರು. ಲಕ್ಷ್ಮಯ್ಯನೂ ತಲೆಯೆತ್ತಿ ನೋಡಿದ. ಅವನು ಏನನ್ನೂ ಬೇಡಲಿಲ್ಲ, ಸುಮ್ಮನೆ ನೋಡಿದ. ಅವಳು ಒಂದು ಮಾತು ಹೇಳಿದ್ದರೆ ಅರ್ಧ ಪಾಪ ಅವನ ತಲೆಯಿಂದ ಇಳಿಯುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆಗ ಅಮ್ಮನ ಕೈ ಕಾಣಿಸಿತು, ಸೊಂಟದ ಮೇಲೆ ಇದ್ದ ಕೈ.

"ನಂಗೆಲ್ಲಿ ಬರ್ತದಪ್ಪಾ ಇಂಗ್ಲಿಷು?" ಎಂದಳು ಅನುಸೂಯಮ್ಮ. "ಅಲ್ಲೊಂದು ಇಲ್ಲೊಂದು ಪದ ಗೊತ್ತು. ಆವತ್ತು ಏನೋ ಊಹೆ ಮಾಡಿ ಹೇಳ್ದೆ. ಇವರು ಏನು ಬರ್ದವ್ರೋ ನಂಗೇನು ಗೊತ್ತು?"

ಪಿಳ್ಳಪ್ಪ ನಿಟ್ಟುಸಿರು ಬಿಟ್ಟ. "ಹೆಣ್ಣು ಜೀವ. ಅದಕ್ಕೇನು ಗೊತ್ತು" ಎಂದ. ಲಕ್ಷ್ಮಯ್ಯ ಅವಳ ಮೇಲಿನ ಕಣ್ಣು ತೆಗೆದು ಅಂಗಳದ ಕಡೆ ಹೊರಳಿದ.

ಮುಂಗಾರಿನ ಮೊದಲು ಮರ ಕಡಿದರು. ಕಾಯಿ ಇನ್ನೂ ಹಸಿರು. ಊರ ಹುಡುಗರು ಚೆಂಡಾಡಿದರು. ಎತ್ತು ಮಾರಿ ಆಯಿತು. ವೆಂಕಟರಾಯಪ್ಪ ಬೇರೆಯವರ ಕಪಿಲೆ ಹೊಡೆಯಲು ಹೋಗತೊಡಗಿದ. ಲಕ್ಷ್ಮಯ್ಯನನ್ನು ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವನೇ ಕೋಟು ಬಿಚ್ಚಿಟ್ಟು ಭಾವನ ಹಿಂದೆ ಕೂಲಿಗೆ ಹೊರಟ. ಅಂಗೈ ಬೊಬ್ಬೆ ಬಂದು ಒಡೆಯಿತು. ಪಾಪಮ್ಮ ಸಾರು ಹೇಗೆ ಮಾಡಿದರೂ ತಲೆ ತಗ್ಗಿಸಿ ಉಂಡ. ಬೈದರೆ ಬೈಸಿಕೊಂಡ. ನಿಮ್ಮ ಮಗಳನ್ನು ಕೇಳಿಯೇ ಕಳಿಸಿದೆ ಎಂದು ಒಂದು ದಿನವೂ, ಎಷ್ಟು ಸಿಟ್ಟಿನಲ್ಲೂ, ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅನುಸೂಯಮ್ಮನಿಗೆ ಹಗುರವಾಗುತ್ತಿತ್ತು. ಅವನು ಅವಳಿಗೆ ಆ ಉಪಕಾರವನ್ನೂ ಮಾಡಲಿಲ್ಲ. ಮನೆಯವರ ಎದುರಿಗೆ ಅವಳೊಡನೆ ಬೇಕಾದಷ್ಟೇ ಮಾತು ಆಡುವನು, ನೀರು ಕೊಡು, ಹಗ್ಗ ತಾ. ಅದರಾಚೆಗೆ ಒಂದು ಸೊಲ್ಲಿಲ್ಲ.

ಆಷಾಢದ ಒಂದು ಮಧ್ಯಾಹ್ನ, ಜಡಿಮಳೆ ಹಿಡಿದು ಕೂಲಿಯಿಲ್ಲದ ದಿನ, ಅವನು ಜಗಲಿಯ ಮೇಲೆ ಕತ್ತಾಳೆ ನಾರು ಹೊಸೆಯುತ್ತಾ ಕೂತಿದ್ದ. ಅಮ್ಮಯಮ್ಮ ರಾಗಿ ಕೇರುತ್ತಿದ್ದಳು. ಪಾಪಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅನುಸೂಯಮ್ಮ ಒಳಗೆ ಹೋಗಿ ಗೋಣಿಚೀಲದಿಂದ ಒಂದು ಪತ್ರಿಕೆ ತೆಗೆದು, ಬಂದು ಅವನ ಪಕ್ಕ ಕೂತಳು. ಯಾವನೋ ಬರೆದ ಯಾವುದೋ ಪುಸ್ತಕದ ವಿಷಯ ಇತ್ತು. ಪ್ರತಿಯೊಂದು ಪದವೂ ಅವಳಿಗೆ ಬರುತ್ತಿತ್ತು. ಆದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, ಹಿಂದೆ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು.

"ಇದರ ಅರ್ಥ ಏನು, ಹೇಳ್ರಿ."

ಲಕ್ಷ್ಮಯ್ಯ ಆ ಸಾಲನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ನಾರಿನ ಎಳೆ ಸರಿಮಾಡಿಕೊಳ್ಳುತ್ತಾ, ಎಲ್ಲರಿಗೂ ಕೇಳುವ ಹಾಗೆ, ಮೆತ್ತಗೆ ಹೇಳಿದ:

"ಬಿಡು ಅನುಸೂಯಾ. ನಿಂಗೆ ಇಂಗ್ಲಿಷು ಬರಲ್ಲ."

"ಹಂಗೆ ಹೇಳು ಮತ್ತೆ" ಎಂದಳು ಅಮ್ಮಯಮ್ಮ, ಮೊರದಿಂದ ತಲೆಯೆತ್ತದೆ. "ಸಾಕು ಆ ಸುಡುಗಾಡು ಕಾಗದ. ಹೋಗಿ ಮುದ್ದೆಗೆ ಎಸರಿಡೇ."

ಅನುಸೂಯಮ್ಮ ಪತ್ರಿಕೆ ಮಡಿಚಿ, ಎದ್ದು ಹೋಗಿ ಎಸರಿಟ್ಟಳು.